ಮಾಗಡಿ ಕೆರೆಯ ಅಂಚೆ

ಮುಂಗಾರು ಮೊಳಗಿದೊಡನೆ ಹಂಸಗಳು ಮಾನಸ ಸರೋವರಕ್ಕೆ ತೆರಳುತ್ತವೆಂಬುದು ಕವಿಸಮಯ. ಕಾವ್ಯದ ಹಂಸ, ಕನ್ನಡದ ಅಂಚೆ, ಪಟ್ಟೆತಲೆ ಹೆಬ್ಬಾತೇ ಎಂದು ಗುರುತಿಸಿದ ವಿದ್ವಾಂಸರಿದ್ದಾರೆ. ನೆತ್ತಿಯಿಂದ ಹಿಂದಕ್ಕೆ ಎರಡು ಕರಿಪಟ್ಟೆ ಹೊತ್ತ ಈ ಹಕ್ಕಿ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುತ್ತದೆ. ಆದರೆ ಮಳೆಗಾಲದವರೆಗೆ ಕಾಯುವುದಿಲ್ಲ. ಮಾರ್ಚ್ ವೇಳೆಗೇ ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾಗಳ ಸರೋವರಗಳತ್ತ ಹೊರಡುತ್ತದೆ. ಮೊಟ್ಟೆಯಿಡುವುದು ಅಲ್ಲಿ.

ಕೇವಲ ಎರಡು-ಮೂರು ಕಿಲೋ ತೂಗುವ ಇದು 7,000 ಮೀಟರಿಗೂ ಮೇಲೆ ಹಾರಬಲ್ಲದು. ಇದರ ಹಿಮೊಗ್ಲೋಬಿನ್ ವಿರಳ ಗಾಳಿಯಿಂದಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನೀರಿನಿಂದ ಹಾಲನ್ನು ಬೇರ್ಪಡಿಸುವ, ಇಲ್ಲದ ಕೌಶಲವನ್ನು ಕವಿಗಳು ಹಂಸಕ್ಕೆ ಆರೋಪಿಸಿ ಕೊಂಡಾಡಿದರು. ಗಾಳಿಯಿಂದ ಉಸಿರನ್ನು ಹೆಕ್ಕುವ ಈ ನಿಜವಾದ ವಿವೇಕ ಅವರ ಕಣ್ಣಿಗೆ ಬೀಳುವಂತಿರಲಿಲ್ಲ. ಹಗಲು ಕೆರೆಯಲ್ಲಿ ತೇಲುವ ಹಂಸ ಇರುಳಿನಲ್ಲಿ ಸುತ್ತಲಿನ ಹೊಲಗಳಿಗಿಳಿದು ಮೇಯುತ್ತದೆಂಬುದನ್ನೂ ಅವರು ಹೇಳಲಿಲ್ಲ. ಅದು ರೈತನಿಗೆ ಗೊತ್ತು.