ಪ್ಲಾಸ್ಟರಿನ ರೋಮ್

ಊರಿನಿಂದ ಅಪ್ಪ ಅಮ್ಮ ಬಂದರೆ ಸುತ್ತಾಡಿಸಲು ಬೇ ಏರಿಯಾದ ಕನ್ನಡಿಗರೆಲ್ಲರ ಬಳಿ ಹೆಚ್ಚುಕಡಿಮೆ ಒಂದೇ ಪಟ್ಟಿ ಇರುತ್ತದೆ: ಗೋಲ್ಡನ್ ಗೇಟ್ ಸೇತುವೆ, ಲೊಂಬಾರ್ಡ್ ಸ್ಟ್ರೀಟ್, ಲಿವರ್‌ಮೋರಿನ ದೇವಸ್ಥಾನ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಪಟ್ಟಿಗೆ ರೋಮ್ ಕೂಡ ಸೇರಿತು!

ಅದಕ್ಕೆ ಕಾರಣ ಒಂದು ಶುಕ್ರವಾರ ರಾತ್ರಿ ಮನೆಯವರೆಲ್ಲ ಕೂತು ನೋಡಿದ ಸಿನಿಮಾ. 2000ದಲ್ಲಿ ಬಂದ, ರಿಡ್ಲಿ ಸ್ಕಾಟ್ ನಿರ್ದೇಶನದ ‘ಗ್ಲಾಡಿಯೇಟರ್’. ಹುಡುಗರಾಗಿದ್ದಾಗ ‘ಬೆನ್ ಹರ್’ ಚಿತ್ರದ ರಥದ ಪಂದ್ಯ ನೋಡಲು ಬೆಂಗಳೂರು ದಂಡಿನವರೆಗೂ ಸೈಕಲ್ ತುಳಿದಿದ್ದ ಅಪ್ಪ, ತೆರೆಯ ಮೇಲೆ ಕೊಲೋಸಿಯಂ ಬಂದೊಡನೆ ಸೋಫಾದ ಅಂಚಿಗೆ ಜರುಗಿದರು. “ಎಂಥಾ ಕಟ್ಟಡ, ಅಲ್ವೇನೋ!”

“ತಾತಾ, ದಟ್ಸ್ ಅ ಸೆಟ್,” ಎಂದಳು ನನ್ನ ಹದಿಮೂರರ ಮಗಳು, ಫೋನ್ ನೋಡುತ್ತ. ಮಾಲ್ಟಾ ದ್ವೀಪದ ರಿಕಾಸೋಲಿ ಕೋಟೆಯಲ್ಲಿ ಪ್ಲೈವುಡ್, ಪ್ಲಾಸ್ಟರ್ ಬಳಸಿ ಕೊಲೋಸಿಯಂನ ಒಂದು ಭಾಗವನ್ನಷ್ಟೇ ಕಟ್ಟಿದ್ದರಂತೆ. ಉಳಿದದ್ದು ಕಂಪ್ಯೂಟರಿನ ಕೈಚಳಕ. “ಆಲ್ ಫೇಕ್. ನಿಮ್ಮ ಕನ್ನಡ ಕೂಟದ ಥರ್ಮಾಕೋಲ್ ಹಂಪಿ ಥರ.”

ಮಾತು ಚುಚ್ಚಿತು. ಹಿಂದಿನ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋಗಿದ್ದಾಗ ಇವಳ ಕನ್ನಡ ಕೇಳಿ ನೆಂಟರ ಮಕ್ಕಳು ನಕ್ಕಿದ್ದರು. ವಾಪಸು ಬಂದವಳು ಕನ್ನಡ ತರಗತಿ ಬಿಟ್ಟಳು. ಮನೆಯಲ್ಲೂ ನಾವು ಕನ್ನಡದಲ್ಲಿ ಕೇಳಿದರೆ ಉತ್ತರ ಇಂಗ್ಲಿಷಿನಲ್ಲಿ. ತನ್ನದು ಹೇಗೂ ನಕಲಿ ಕನ್ನಡ ಎಂಬುದು ಅವಳ ವಾದ.

ಮರುದಿನ ಗೋಲ್ಡನ್ ಗೇಟಿಗೆ ಹೋಗುವ ದಾರಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಮರೀನಾ ಬಡಾವಣೆಯ ಪ್ಯಾಲೇಸ್ ಆಫ್ ಫೈನ್ ಆರ್ಟ್ಸ್ ಬಳಿ ಕಾರು ನಿಲ್ಲಿಸಿದೆ. ಕೊಳದ ದಡದಲ್ಲಿ ಕಂಬಗಳ ಸಾಲು, ನಡುವೆ 162 ಅಡಿ ಎತ್ತರದ ಗುಮ್ಮಟ, ನೀರಿನಲ್ಲಿ ಹಂಸಗಳು. “ಇಲ್ಲೂ ರೋಮು ಬಂತಲ್ಲೋ!” ಎಂದರು ಅಪ್ಪ.

ರೋಮಿನ ಪಾಳು ಕಟ್ಟಡಗಳನ್ನು ಚಿತ್ರಿಸಿದ ಪಿರನೇಸಿಯಿಂದ ಸ್ಫೂರ್ತಿ ಪಡೆದು, 1915ರ ಪನಾಮಾ-ಪೆಸಿಫಿಕ್ ವಸ್ತುಪ್ರದರ್ಶನಕ್ಕೆಂದು ಇದನ್ನು ರೂಪಿಸಿದವರು ಬರ್ನಾರ್ಡ್ ಮೇಬೆಕ್. ಕಟ್ಟಿದ್ದು ಯಾವುದರಿಂದ ಅಂತೀರಿ? ಮರದ ಚೌಕಟ್ಟಿನ ಮೇಲೆ ನಾರು ಬೆರೆಸಿದ ಪ್ಲಾಸ್ಟರು! ಪ್ರದರ್ಶನ ಮುಗಿದ ಮೇಲೆ ಸುತ್ತಲಿನ ಕಟ್ಟಡಗಳೆಲ್ಲ ನೆಲಸಮವಾದವು. ಇದೊಂದನ್ನು ಕೆಡವಲು ಊರಿನವರಿಗೆ ಮನಸ್ಸು ಬರಲಿಲ್ಲ. ಗಾಳಿಮಳೆಗೆ ಉದುರುತ್ತ ಉದುರುತ್ತ ಸುಮಾರು ಐವತ್ತು ವರ್ಷ ನಿಂತಿತು. ಕೊನೆಗೆ 1964ರಲ್ಲಿ ಅದನ್ನು ಕೆಡವಿ, ಅದೇ ರೂಪದಲ್ಲಿ ಕಾಂಕ್ರೀಟಿನಿಂದ ಮತ್ತೆ ಕಟ್ಟತೊಡಗಿದರು.

ಅಪ್ಪ ಒಂದು ಕಂಬವನ್ನು ಅಂಗೈಯಿಂದ ತಟ್ಟಿ ನೋಡಿದರು. “ಹಾಗಾದ್ರೆ ಇದು ನಕಲಿನೋ ಅಸಲಿನೋ, ಪುಟ್ಟಿ?”

ಮಗಳು ಭುಜ ಕುಣಿಸಿದಳು. ಸ್ವಲ್ಪ ಹೊತ್ತು ಕಂಬಗಳ ಮೇಲೆ ಮುಖ ಮರೆಸಿಕೊಂಡು ನಿಂತ ಹೆಂಗಸರ ಮೂರ್ತಿಗಳನ್ನೇ ನೋಡುತ್ತಿದ್ದು, “ತಾತ, ಅವಳುಗಳು ಯಾಕೆ ಅಳೋದು ಮಾಡ್ತಾರೆ?” ಎಂದಳು.

ಆರು ತಿಂಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಪೂರ್ತಿ ಕನ್ನಡ ವಾಕ್ಯ ಅದು. ಅಪ್ಪ ವ್ಯಾಕರಣ ತಿದ್ದಲಿಲ್ಲ. “ಬಾ, ಹತ್ತಿರ ಹೋಗಿ ನೋಡೋಣ,” ಎಂದು ಅವಳ ಕೈ ಹಿಡಿದು ನಡೆದರು.

ಅವಳಿನ್ನೂ ತರಗತಿಗೆ ಮರಳಿಲ್ಲ. ಆದರೆ ಈ ಸಲದ ರಾಜ್ಯೋತ್ಸವದ ವೇದಿಕೆಯ ಮೇಲೆ ಹಂಪಿಯ ಥರ್ಮಾಕೋಲ್ ರಥ ಕಂಡರೆ, ಅದರ ಚಕ್ರಗಳಿಗೆ ಬಣ್ಣ ಬಳಿದವಳು ಅವಳೇ ಎಂದು ತಿಳಿಯಿರಿ. ಪಕ್ಕದಲ್ಲೇ ನಿಂತಿರುತ್ತಾಳೆ. ಕನ್ನಡದಲ್ಲೇ ಮಾತಾಡಿಸಿ. ನಗಬೇಡಿ, ಅಷ್ಟೇ.