ಜಲ್ಲಿಗೊಂದು ಪ್ಲಾಸ್ಟಿಕ್ ಅಂಗಿ

ಮಳೆಗಾಲದಲ್ಲಿ ಕೊಲ್ಲಮೊಗ್ರು ಕಡೆಯ ಶಾಲೆಗಳಿಗೆ ಹೋಗುವಾಗ ನನ್ನ ಕಣ್ಣು ಮಾರ್ಗದ ಅಂಚಿನ ಮೇಲೆಯೇ ಇರುತ್ತದೆ. ಡಾಮರು ಏಳಲು ಶುರುವಾಗುವುದು ಹೆಚ್ಚಾಗಿ ಅಲ್ಲಿಂದ. ಹೀಗೇಕೆ ಮಕ್ಕಳೇ? ಲಾರಿಗಳಿಂದ ಎನ್ನುತ್ತೀರಿ. ಲಾರಿಗಿಂತ ದೊಡ್ಡ ವೈರಿ ನೀರು. ಕಲ್ಲಿಗೆ ಡಾಮರಿಗಿಂತ ನೀರಿನ ಮೇಲೆ ಒಲವು ಹೆಚ್ಚು. ಬಿರುಕಿನಲ್ಲಿ ಇಳಿದ ನೀರು ಜಲ್ಲಿಗೂ ಡಾಮರಿಗೂ ನಡುವೆ ನುಗ್ಗಿ ಎರಡನ್ನೂ ಬಿಡಿಸುತ್ತದೆ.

ಮಧುರೈಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ರಸಾಯನವಿಜ್ಞಾನ ಪ್ರಾಧ್ಯಾಪಕ ಆರ್. ವಾಸುದೇವನ್ ಇದಕ್ಕೊಂದು ಉಪಾಯ ಕಂಡುಹಿಡಿದರು. ಸುಮಾರು 160ರಿಂದ 170 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಜಲ್ಲಿಯ ಮೇಲೆ ಪ್ಲಾಸ್ಟಿಕ್ ಚೂರು ಉದುರಿಸಿದರೆ ಅದು ಕರಗಿ ಕಲ್ಲಿಗೆ ತೆಳ್ಳನೆಯ ಅಂಗಿ ತೊಡಿಸುತ್ತದೆ. ಆ ಅಂಗಿ ನೀರನ್ನು ದೂರವಿಡುತ್ತದೆ, ಡಾಮರನ್ನು ಬಿಗಿಯಾಗಿ ಹಿಡಿಯುತ್ತದೆ. ಬೆಂಗಳೂರಿನಲ್ಲಿ ಅಹಮದ್ ಖಾನ್, ರಸೂಲ್ ಖಾನ್ ಸಹೋದರರು 2000ದ ದಶಕದ ಆರಂಭದಲ್ಲಿಯೇ ಪ್ಲಾಸ್ಟಿಕ್ ಬೆರೆಸಿ ರಸ್ತೆ ಮಾಡಿಸಿದ್ದರು. 2013ರಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ ಮಾರ್ಗಸೂಚಿಯನ್ನೇ ಹೊರಡಿಸಿತು: ಡಾಮರಿನ ತೂಕದ ಶೇ. 6ರಿಂದ 8ರಷ್ಟು ಪ್ಲಾಸ್ಟಿಕ್.

ಹಾಲಿನ ತೊಟ್ಟೆ ಆಗುತ್ತದೆ. ಪಿವಿಸಿ ಪೈಪು ಮಾತ್ರ ಕೂಡದು, ಕಾದರೆ ವಿಷಾನಿಲ ಬಿಡುತ್ತದೆ. (ಒಲೆಗೆ ತೊಟ್ಟೆ ಹಾಕಿ ಪರೀಕ್ಷೆ ಮಾಡಲು ಹೋಗಬೇಡಿ!)

ಆದರೆ ನಮ್ಮ ಊರಿಗೆ ಇಷ್ಟೇ ಸಾಲದು ಎಂಬುದು ನನ್ನ ಅನಿಸಿಕೆ. 2022ರ ಆಗಸ್ಟ್ ನೆರೆ ನೆನಪಿದೆಯಲ್ಲ? ಗುಡ್ಡದ ನೀರು ಚರಂಡಿ ಬಿಟ್ಟು ಮಾರ್ಗದ ಮೇಲೆಯೇ ಹರಿದರೆ ಯಾವ ಅಂಗಿಯೂ ಉಳಿಯದು. ಮುಂದಿನ ಮಳೆಗೆ ನಿಮ್ಮ ಶಾಲೆಯ ಎದುರು ನೀರು ಎಲ್ಲಿ ನಿಲ್ಲುತ್ತದೆ, ಡಾಮರು ಎಲ್ಲಿ ಏಳುತ್ತದೆ ಎಂದು ನಕ್ಷೆ ಬರೆದಿಡಿ. ಮಕ್ಕಳ ಗ್ರಾಮಸಭೆಗೆ ಅದನ್ನು ತನ್ನಿ.