ಒಳಮೈ ತಿರುಗಿಸಿ ನೋಡಿ
ಬೆಳಗ್ಗೆ ಅತ್ತಿಬೆಲೆ ದಾಟಿ ಹೊಸೂರಿನ ಮೂಕಂಡಪಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಮುಟ್ಟೋ ಹೊತ್ತಿಗೆ ರೇನ್‌ಕೋಟ್ ಒಳಗೇ ಶರ್ಟು ತೊಪ್ಪೆ. ಕೋಟ್ ಬಿಚ್ಚಿ ಒಳಮೈ ತಿರುಗಿಸಿದೆ. ಭುಜದ ಹೊಲಿಗೆ ಮೇಲಿನ ಟೇಪ್ ಎದ್ದಿದೆ, ಒಳಗಿನ ಲೇಪ ಬಿಳಿ ಹೊಟ್ಟಿನ ಹಾಗೆ ಉದುರ್ತಿದೆ. ಹೊರಗೆ ನೋಡಿದ್ರೆ ಏನೂ ಆಗಿಲ್ಲ!

ನೀರು ತಡೆಯೋದು ಬರೀ ಬಟ್ಟೆ ಅಲ್ಲ, ಆ ಲೇಪ, ಆ ಟೇಪು. ಟೇಪ್ ಮಾತ್ರ ಎದ್ದಿದ್ರೆ ಮತ್ತೆ ಅಂಟಿಸಬಹುದು. ಲೇಪ ಉದುರೋಕೆ ಶುರುವಾದ್ರೆ ಬದಲಾಯಿಸಲೇಬೇಕು. ಭುಜದ ಭಾಗವನ್ನ ಬಕೆಟ್ ಮೇಲೆ ಹರಡಿ ಒಂದು ಲೋಟ ನೀರು ನಿಲ್ಲಿಸಿ, ಸೋರತ್ತಾ ಇಲ್ವಾ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗತ್ತೆ.

ಹೊಸೂರಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ. ಹಳೇ ಕೋಟ್ ಬದಲಾಯಿಸದೆ ಎಂಟು ಗಂಟೆ ಶಿಫ್ಟು ಒದ್ದೆ ಬಟ್ಟೇಲಿ ನಿಲ್ಲೋದು ಉಳಿತಾಯ ಅಲ್ಲ ಕಣ್ರೀ. ನಿಮ್ಮ ರೇನ್‌ಕೋಟ್ ಎಷ್ಟು ಮಳೆಗಾಲ ಕಂಡಿದೆ?